ಮೀಟಪ್ ಕೊನೇ ಬಸ್ಸಿಗಿಂತ ಮುಂಚೆ ಮುಗಿಯಲಿ

ಬಸ್ಸು, ರೈಲು, ಸೈಕಲ್ ಅಂದರೆ ಜೀವ ಬಿಡುವ ಕಂಪ್ಯೂಟರ್ ಮಂದಿ ಒಂದು ಕಡೆ ಸೇರಿ ಹರಟುವುದು, ಅಂದರೆ ಮೀಟಪ್, ಬೆಂಗಳೂರಿಗೆ ಹೊಸತಲ್ಲ. ಶನಿವಾರ ಸಂಜೆ, ಯಾವುದೋ ಆಫೀಸಿನ ಮೇಲ್ಮಹಡಿ. ಒಬ್ಬರು ಬಸ್ ಮಾರ್ಗಗಳನ್ನು ಬಣ್ಣ ಬಣ್ಣದ ಗೆರೆಯಲ್ಲಿ ಪರದೆ ಮೇಲೆ ತೋರಿಸುತ್ತಾರೆ, ಇನ್ನೊಬ್ಬರು ಸೈಕಲ್ ಟ್ರ್ಯಾಕಿನ ಮೇಲೆ ಕಾರು ನಿಲ್ಲಿಸುವವರಿಗೆ ಬೈಯುತ್ತಾರೆ, ಪಿಜ್ಜಾ ಬರುತ್ತದೆ. ಅಲ್ಲಿದ್ದಷ್ಟು ದಿನ ನಾನೂ ಹೋಗುತ್ತಿದ್ದೆ, ಇಷ್ಟಪಟ್ಟೇ ಹೋಗುತ್ತಿದ್ದೆ. ಈಗ ಶಿರಸಿ ಹತ್ತಿರದ ನಮ್ಮೂರಿಗೆ ಬಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದೇನೆ. ಉತ್ತರ ಕನ್ನಡಕ್ಕೂ ಇಂಥದ್ದು ಒಂದು ಬೇಕು ಅಂತ ಘಟ್ಟದ ಮೇಲಿನವರು, ಕೆಳಗಿನವರು ಒಂದಷ್ಟು ಜನ ಕುಮಟಾದಲ್ಲಿ ಸೇರಲು ಶುರು ಮಾಡಿದ್ದೇವೆ. "ಅಲ್ಲಿ ಏನು ಮಾಡ್ತೀರಿ?" ಅಂತ ಕೇಳುವವರು ಜಾಸ್ತಿ ಆಗಿದ್ದಾರೆ. ಅವರಿಗಾಗಿ ಈ ಉದ್ದದ ಬರಹ. ಬಸ್ಸಿಗೆ ಕಾಯುವಾಗ ಓದಿ, ಹೊತ್ತು ಹೋಗುತ್ತದೆ.

ಮೊದಲೇ ಹೇಳಿಬಿಡುತ್ತೇನೆ, ಆ್ಯಪ್ ಮಾಡುವುದು ಬೇಡ. ಹೊಸಬರು ಯಾರೇ ಬರಲಿ, ಚಹಾ ಕುಡಿದು ಮುಗಿಸುವುದರೊಳಗೆ "ಬಸ್ ಎಲ್ಲಿದೆ ಅಂತ ಲೈವ್ ತೋರಿಸುವ ಆ್ಯಪ್ ಮಾಡೋಣ" ಅನ್ನುತ್ತಾರೆ. ಆಸೆ ತಪ್ಪಲ್ಲ. 'ವೇರ್ ಈಸ್ ಮೈ ಟ್ರೇನ್' ಬಳಸಿದವರಿಗೆ ಹಾಗೆ ಅನಿಸುವುದು ಸಹಜ. ಬೆಂಗಳೂರಿನ ಒಂದು ಸಣ್ಣ ಕಂಪನಿ ಮಾಡಿದ ಆ್ಯಪ್ ಅದು. 2018ರಲ್ಲಿ ಗೂಗಲ್ ಆ ಕಂಪನಿಯನ್ನೇ ಕೊಂಡುಕೊಂಡಿತು. ಇಂಟರ್ನೆಟ್ ಇಲ್ಲದಿದ್ದರೂ ಮೊಬೈಲ್ ಟವರಿನ ಗುರುತು ಹಿಡಿದು ರೈಲು ಎಲ್ಲಿದೆ ಅಂತ ಹೇಳುತ್ತದೆ. ಆದರೆ ಅದಕ್ಕೆ ಟವರ್ ಆದರೂ ಬೇಕಲ್ಲ? ಶಿರಸಿ-ಕುಮಟಾ ರಸ್ತೆಯ ದೇವಿಮನೆ ಘಟ್ಟ ಇಳಿಯುವಾಗ ನಿಮ್ಮ ಫೋನ್ ತೆಗೆದು ನೋಡಿ. ಇನ್ನೊಂದು ವಿಷಯ, ರೈಲಿಗೆ ವೇಳಾಪಟ್ಟಿ ಅಂತ ಮೊದಲೇ ಇತ್ತು. ಆ ಆ್ಯಪ್ ನಿಂತಿರುವುದೇ ಅದರ ಮೇಲೆ. ನಮ್ಮ ಹಳ್ಳಿ ಬಸ್ಸುಗಳದ್ದು ಎಲ್ಲಿದೆ? ಡಿಪೋದಲ್ಲಿ ಇರುತ್ತದೆ. ಬಸ್ ಸ್ಟ್ಯಾಂಡಿನ ಬೋರ್ಡಿನಲ್ಲಿ ದೊಡ್ಡ ಊರುಗಳದ್ದು ಇರುತ್ತದೆ. ನಡುವಿನ ಕ್ರಾಸಿನಲ್ಲಿ ಕೊಡೆ ಹಿಡಿದು ನಿಂತವರ ಪಾಲಿಗೆ ಎಲ್ಲೂ ಇಲ್ಲ.

ನಮ್ಮೂರ ಕ್ರಾಸಿನ ಅಂಗಡಿಯಲ್ಲಿ ಇದೆ. ಬಿಸ್ಕತ್ತಿನ ರಟ್ಟು ಹರಿದು, ಅದರ ಹಿಂಬದಿಯಲ್ಲಿ ನೀಲಿ ಪೆನ್ನಿನಿಂದ ಟೈಮ್ ಬರೆದು, ಬಾಳೆಗೊನೆ ಕಟ್ಟುವ ಹಗ್ಗದ ಪಕ್ಕ ಸಿಕ್ಕಿಸಿದ್ದಾರೆ. ಒಂದೆರಡು ಟೈಮ್ ಹೊಡೆದು ಹಾಕಿ ಹೊಸದು ಬರೆದಿದೆ. ಒಂದರ ಮುಂದೆ ಬರೀ ಚುಕ್ಕಿ. ಅದೇನು ಅಂತ ಅಂಗಡಿ ಭಾವನನ್ನು ಕೇಳಿದೆ. "ಅದು ಶಾಲೆ ಇದ್ರೆ ಬತ್ತು ತಂಗಿ, ರಜೆ ಇದ್ರೆ ಬತ್ತಿಲ್ಲೆ. ಮಳೆ ಜೋರಿದ್ರೆ ಸಂಕದ ಹತ್ರ ಬಂದು ತಿರಗ್ತು" ಅಂದರು. ವಸ್ತಿ ಬಸ್ಸಿನ ಲೆಕ್ಕವಂತೂ ಬೇರೆಯೇ. ರಾತ್ರಿ ಊರಿಗೆ ಬಂದು ಅಲ್ಲೇ ಉಳಿದು ಬೆಳಿಗ್ಗೆ ಹೊರಡುವ ಬಸ್ಸು ಅದು. ರಾತ್ರಿ ಬರಲಿಲ್ಲ ಅಂದರೆ ಬೆಳಗಿನ ಟ್ರಿಪ್ಪೂ ಇಲ್ಲ. ಕಾಲೇಜಿಗೆ ಹೋಗುವ ಮಕ್ಕಳ ಮನೆಯಲ್ಲಿ ರಾತ್ರಿ ಊಟದ ಹೊತ್ತಿಗೆ ಎಲ್ಲರ ಕಿವಿಯೂ ರಸ್ತೆ ಕಡೆಗೇ ಇರುತ್ತದೆ.

ಈ ರಟ್ಟನ್ನು ಕಂಪ್ಯೂಟರಿಗೆ ಅರ್ಥವಾಗುವ ಹಾಗೆ ಬರೆಯುವುದೇ ನಮ್ಮ ಮೀಟಪ್ಪಿನ ಮುಖ್ಯ ಕೆಲಸ. ಅದಕ್ಕೊಂದು ಕ್ರಮ ಇದೆ, ಜನರಲ್ ಟ್ರಾನ್ಸಿಟ್ ಫೀಡ್ ಸ್ಪೆಸಿಫಿಕೇಶನ್, ಚಿಕ್ಕದಾಗಿ ಜಿಟಿಎಫ್‌ಎಸ್ ಅಂತ. 2005ರ ಹೊತ್ತಿಗೆ ಅಮೆರಿಕದ ಪೋರ್ಟ್‌ಲ್ಯಾಂಡಿನ ಸಾರಿಗೆ ಸಂಸ್ಥೆಯಲ್ಲಿದ್ದ ಬಿಬಿಯಾನಾ ಮೆಕ್‌ಹ್ಯೂ ಅನ್ನುವವರು, ಕಾರಿನ ದಾರಿ ಸಿಕ್ಕಷ್ಟು ಸುಲಭವಾಗಿ ಬಸ್ಸಿನ ದಾರಿ ಇಂಟರ್ನೆಟ್ಟಿನಲ್ಲಿ ಯಾಕೆ ಸಿಗುವುದಿಲ್ಲ ಅಂತ ಗೂಗಲ್‌ನವರ ಹಿಂದೆ ಬಿದ್ದರು. ಅಲ್ಲಿಂದ ಹುಟ್ಟಿದ್ದು ಇದು. ಮೊದಲು 'ಜಿ' ಅಂದರೆ ಗೂಗಲ್ ಅಂತಲೇ ಇತ್ತು, ಆಮೇಲೆ ಜನರಲ್ ಆಯಿತು. ಒಳಗೆ ಏನೂ ಮಾಯ ಮಂತ್ರ ಇಲ್ಲ. ಒಂದಷ್ಟು ಸಾದಾ ಪಠ್ಯ ಕಡತಗಳು, ಅಷ್ಟೇ. ಒಂದರಲ್ಲಿ ಸ್ಟಾಪುಗಳ ಹೆಸರು ಮತ್ತು ಜಾಗ, ಒಂದರಲ್ಲಿ ರೂಟು, ಒಂದರಲ್ಲಿ ಟ್ರಿಪ್, ಇನ್ನೊಂದರಲ್ಲಿ ಯಾವ ಟ್ರಿಪ್ ಯಾವ ಸ್ಟಾಪಿಗೆ ಎಷ್ಟು ಹೊತ್ತಿಗೆ ಅಂತ. ಎಕ್ಸೆಲ್ ಬಲ್ಲ ಯಾರು ಬೇಕಾದರೂ ತುಂಬಬಹುದು. ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಚೊಕ್ಕವಾಗಿ ತುಂಬುವವರು ಸೊಸೈಟಿಯೊಂದರಲ್ಲಿ ಲೆಕ್ಕ ಬರೆಯುವ ಅಕ್ಕ. ಕೋಡ್ ಬರೆಯುವ ನಾವು ಸ್ಟಾಪಿನ ಹೆಸರನ್ನು ಮೂರು ಥರ ಬರೆದಿಡುತ್ತೇವೆ, ಅವರು ತಿದ್ದುತ್ತಾರೆ.

ನನಗೆ ಖುಷಿ ಕೊಡುವುದು ಏನೆಂದರೆ, ನಮ್ಮೂರಿನ ತಾಪತ್ರಯಗಳಿಗೂ ಅದರಲ್ಲಿ ಜಾಗ ಇದೆ. ಅಂಗಡಿ ಭಾವನ ಚುಕ್ಕಿಗೆ ಒಂದು ಕಡತವೇ ಇದೆ, ಯಾವ ತಾರೀಖಿಗೆ ಬಸ್ ಇಲ್ಲ ಅಂತ ಅದರಲ್ಲಿ ಬರೆಯಬೇಕು. ಕೊಂಕಣ ರೈಲ್ವೆಯವರು ಮಳೆಗಾಲಕ್ಕೆ ಬೇರೆ ವೇಳಾಪಟ್ಟಿ ಹಾಕಿ ರೈಲುಗಳನ್ನು ನಿಧಾನ ಓಡಿಸುತ್ತಾರಲ್ಲ, ಅದನ್ನೂ ಹೀಗೆಯೇ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಹಾಕಬಹುದು. ಹಿಂದಿನ ಸಂಜೆ ಹೊರಟು ಮಧ್ಯರಾತ್ರಿ ದಾಟಿ ಒಂದೂವರೆಗೆ ಊರು ಮುಟ್ಟುವ ಬಸ್ಸಿಗೆ 25:30 ಅಂತ ಬರೆಯಬೇಕು. ಮೊದಲ ಸಲ ನೋಡಿದವರು ನಗುತ್ತಾರೆ, ಆಮೇಲೆ ಸರಿ ಅನಿಸುತ್ತದೆ. ಕೈ ಮಾಡಿದಲ್ಲಿ ನಿಲ್ಲಿಸುವ ಬಸ್ಸಿಗೂ ಒಂದು ಗುರುತು ಇದೆ. ವಾಹನದ ಬಗೆಗೊಂದು ನಂಬರ್ ಇದೆ, ಬಸ್ಸಿಗೆ 3, ರೈಲಿಗೆ 2, ದೋಣಿಗೆ 4. ಅಂದರೆ ತದಡಿಯಿಂದ ಅಘನಾಶಿನಿಗೆ ದಾಟಿಸುವ ದೋಣಿಯೂ ಇದರೊಳಗೆ ಬರುತ್ತದೆ. ಟ್ರಿಪ್ಪಿನ ಸಾಲಿನಲ್ಲಿ 'ಸೈಕಲ್ ಹಾಕಬಹುದೋ ಇಲ್ಲವೋ' ಅಂತ ತುಂಬುವ ಕಾಲಮ್ಮೂ ಇದೆ.

ಸಂಸ್ಥೆಯವರೇ ಮಾಹಿತಿ ಕೊಟ್ಟರೆ ಇಷ್ಟೆಲ್ಲ ಒದ್ದಾಟ ಯಾಕೆ ಅಂತ ಕೇಳಬಹುದು. ಕೊಡಲಿ, ಅದೇ ಸರಿಯಾದ ದಾರಿ. ಕೊಚ್ಚಿ ಮೆಟ್ರೊ 2018ರಲ್ಲೇ ತನ್ನ ವೇಳಾಪಟ್ಟಿಯನ್ನು ಈ ಕ್ರಮದಲ್ಲಿ ಎಲ್ಲರಿಗೂ ಸಿಗುವ ಹಾಗೆ ಇಟ್ಟಿತು. ದೆಹಲಿಯ ಬಸ್ಸುಗಳ ಮಾಹಿತಿಯೂ ಅದೇ ವರ್ಷ ಹೊರಬಂತು. ನಮ್ಮ ಜಿಲ್ಲೆಯ ಬಸ್ಸುಗಳು ಹುಬ್ಬಳ್ಳಿಯ ವಾಯವ್ಯ ಸಾರಿಗೆ ಸಂಸ್ಥೆಗೆ ಸೇರಿದವು. ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾದ ಮೇಲೆ ನನ್ನಂಥವಳು ಹತ್ತಿದರೂ ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಡುತ್ತಾರೆ. ಯಾವ ಸ್ಟೇಜಿನಿಂದ ಯಾವ ಸ್ಟೇಜಿಗೆ ಅಂತ ಮಷೀನಿನಲ್ಲಿ ದಾಖಲಾಗುತ್ತದೆ. ಹೆಸರು ದೆಸೆ ಏನೂ ಬೇಡ, ಬರೀ ಆ ಸ್ಟೇಜುಗಳ ಲೆಕ್ಕ ಸಿಕ್ಕರೂ ಯಾವ ಹೊತ್ತಿಗೆ ಯಾವ ದಾರಿಯಲ್ಲಿ ಹೆಣ್ಣುಮಕ್ಕಳು ನಿಂತುಕೊಂಡೇ ಹೋಗುತ್ತಿದ್ದಾರೆ ಅಂತ ಗೊತ್ತಾಗುತ್ತದೆ. ಇದನ್ನು ಕೇಳಿ ಪಡೆಯುವುದು ಒಬ್ಬರಿಂದ ಆಗುವ ಕೆಲಸ ಅಲ್ಲ. ಅದಕ್ಕಾದರೂ ಗುಂಪು ಬೇಕು.

ಹಾಗಂತ ಬರೀ ಕೂತು ಬರೆಯುವುದೇ ಕೆಲಸ ಅಲ್ಲ. ಒಂದು ಭಾನುವಾರ ಎರಡೆರಡು ಜನರಾಗಿ ಓಪನ್‌ಸ್ಟ್ರೀಟ್‌ಮ್ಯಾಪಿಗೆ ಸ್ಟಾಪ್ ಸೇರಿಸುತ್ತ ಹೋದೆವು. ಅದು 2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ, ಯಾರು ಬೇಕಾದರೂ ತಿದ್ದಬಹುದಾದ ನಕ್ಷೆ. ಸ್ಟ್ರೀಟ್‌ಕಂಪ್ಲೀಟ್ ಅಂತ ಒಂದು ಆ್ಯಪ್ ಇದೆ, ಸ್ಟಾಪಿನ ಮುಂದೆ ನಿಂತರೆ ಪ್ರಶ್ನೆ ಕೇಳುತ್ತದೆ. ಇಲ್ಲಿ ಬೆಂಚ್ ಇದೆಯೇ, ಮಾಡು (ಚಾವಣಿ) ಇದೆಯೇ ಅಂತ. ಕತಗಾಲದ ಕಡೆಯ ಒಂದು ತಂಗುದಾಣದಲ್ಲಿ ನಾವಿಬ್ಬರು ಅದಕ್ಕೆ ಉತ್ತರ ಕೊಡಲು ಆಗದೆ ನಿಂತೆವು. ಮಾಡು ಇದೆ, ಸಿಮೆಂಟಿನದ್ದು. ಆದರೆ ಮಳೆ ಬರುವ ದಿಕ್ಕಿಗೇ ಬಾಯಿ. ಬೆಂಚಿನ ಅರ್ಧಕ್ಕೆ ಪಾಚಿ ಹಿಡಿದಿತ್ತು, ಒಣಗಿದ ಅರ್ಧದಲ್ಲಿ ನಾಯಿ ಮಲಗಿತ್ತು. ಕಾಯುವವರು ಎದುರಿನ ಗ್ಯಾರೇಜಿನ ತಗಡಿನ ಕೆಳಗೆ ನಿಂತಿದ್ದರು. ಕೊನೆಗೆ 'ಇದೆ' ಅಂತ ಒತ್ತಿ, ಟಿಪ್ಪಣಿಯಲ್ಲಿ ನಿಜ ಬರೆದೆವು. ಆಫೀಸಿನಲ್ಲಿ ಕೂತು ಮಾಡುವ ಪಟ್ಟಿಯಲ್ಲಿ ಆ ಸ್ಟಾಪಿಗೆ ತಂಗುದಾಣ ಇದೆ ಅಂತಲೇ ಇರುತ್ತದೆ ಅಲ್ವಾ?

ಇನ್ನು ಸೈಕಲ್ಲು. ಇದರಲ್ಲಿ ನಮ್ಮ ಗುಂಪು ಎರಡು ಪಾಲು. ಗೇರ್ ಸೈಕಲ್ ಏರಿ, ಹೆಲ್ಮೆಟ್ ತೊಟ್ಟು, ಬೆಳಕು ಹರಿಯುವ ಮುಂಚೆ ಕಾರವಾರದಿಂದ ಹೊರಡುವವರು ಒಂದು ಕಡೆ. ನನಗೆ ಅವರ ಮೇಲೆ ಗೌರವ ಇದೆ, ಅರಬೈಲ್ ಘಟ್ಟ ಹತ್ತುವುದು ಸುಮ್ನೆ ಅಲ್ಲ. ಅವರು ಹೋದ ದಾರಿಯೆಲ್ಲ, ಓಡಿದ, ತುಳಿದ ದಾರಿ ದಾಖಲಿಸುವ ಸ್ಟ್ರಾವಾ ಆ್ಯಪ್ಪಿನ ನಕ್ಷೆಯಲ್ಲಿ ಬೆಳಗುತ್ತದೆ. ಅದನ್ನು ನೋಡಿ "ಸೈಕಲ್ ದಾರಿ ಇಲ್ಲಿ ಬೇಕು" ಅಂತ ತೀರ್ಮಾನಿಸುವುದಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಮನೆಯಿಂದ ಮೂರು ಕಿಲೋಮೀಟರ್ ತುಳಿದು ಕ್ರಾಸಿಗೆ ಬಂದು, ಅಂಗಡಿ ಹಿಂದೆ ಸೈಕಲ್ ಒರಗಿಸಿ ಬಸ್ ಹತ್ತುವ ಹುಡುಗಿ ಸ್ಟ್ರಾವಾದಲ್ಲಿ ಇಲ್ಲ. ನಾಲ್ಕು ಪಥದ ಹೆದ್ದಾರಿಯಲ್ಲಿ ದಾಟಲು ಜಾಗ ಇಲ್ಲದೆ ಎದುರು ದಿಕ್ಕಿನಲ್ಲಿ ತುಳಿಯುವ ಮೀನುಗಾರರ ಮಕ್ಕಳೂ ಇಲ್ಲ. 2006-07ರಲ್ಲಿ ಸರಕಾರ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತ್ತಲ್ಲ, ಕೋವಿಡ್ ಹೊತ್ತಿಗೆ ಅದು ನಿಂತಿತು. ಆ ಸೈಕಲ್ಲುಗಳೇ ಈಗಲೂ ಚೈನ್ ಬಿಗಿ ಮಾಡಿಸಿಕೊಂಡು ತಮ್ಮ ತಂಗಿಯರ ಕಾಲಿಗೆ ಓಡುತ್ತಿವೆ. ನನ್ನ ಪ್ರಕಾರ ಮೊದಲು ಎಣಿಸಬೇಕಾದದ್ದು ಬಸ್ ಸ್ಟಾಪಿನ ಅಕ್ಕಪಕ್ಕ ಒರಗಿಸಿಟ್ಟ ಇಂಥ ಸೈಕಲ್ಲುಗಳನ್ನು. ಅದಕ್ಕೆ ಕಾಗದ, ಪೆನ್ಸಿಲ್ ಸಾಕು.

(ಕಾರವಾರದವರಿಗೆ ಒಂದು ಮಾತು. ಸ್ಟ್ರಾವಾದ ನಕ್ಷೆಯಿಂದ ಸೇನಾ ನೆಲೆಗಳ ಒಳಗಿನ ಓಡಾಟವೆಲ್ಲ ಕಾಣುತ್ತಿದೆ ಅಂತ 2018ರ ಜನವರಿಯಲ್ಲಿ ಜಗತ್ತೆಲ್ಲ ಗಲಾಟೆ ಆಗಿತ್ತು. ನಮ್ಮಲ್ಲಿ ನೌಕಾನೆಲೆ ಇದೆ. ಅದರ ಬೇಲಿ ಹತ್ತಿರ ನಕ್ಷೆ ತುಂಬುವ ಉತ್ಸಾಹ ಬೇಡವೇ ಬೇಡ.)

ಗುಂಪು ಇದ್ದರೆ ಏನು ಉಪಯೋಗ ಅನ್ನುವುದು 2024ರ ಮಳೆಗಾಲ ನೆನೆಸಿಕೊಂಡರೆ ತಿಳಿಯುತ್ತದೆ. ಜುಲೈ 16ಕ್ಕೆ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಕುಸಿಯಿತು. ಇನ್ನೂ ಅದರಿಂದ ಚೇತರಿಸಿಕೊಳ್ಳುವ ಮೊದಲೇ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಯಾವ ಬಸ್ ಎಲ್ಲಿಯವರೆಗೆ, ಯಾವುದು ಸುತ್ತು ಹಾಕಿ ಹೋಗುತ್ತದೆ ಅಂತ ತಿಳಿಯಲು ಎಲ್ಲರೂ ವಾಟ್ಸ್‌ಆ್ಯಪ್ ನೋಡುತ್ತಿದ್ದೆವು. ಅದರಲ್ಲಿ ನಿನ್ನೆಯದು, ಮೊನ್ನೆಯದು ಎಲ್ಲ ಒಟ್ಟಿಗೆ ತಿರುಗುತ್ತಿತ್ತು. ತಾರೀಖು, ಹೊತ್ತು ಹಾಕಿದ ಒಂದೇ ಒಂದು ಪುಟ ಇದ್ದಿದ್ದರೆ, ಪ್ರತಿ ತಾಲೂಕಿನಿಂದ ಒಬ್ಬರು ಅದನ್ನು ತಿದ್ದುತ್ತಿದ್ದರೆ ಸಾಕಿತ್ತು. ಅನಾಹುತದ ದಿನ ಹೊಸದಾಗಿ ಗುಂಪು ಕಟ್ಟಲು ಆಗುವುದಿಲ್ಲ. ಮೊದಲೇ ಒಬ್ಬರ ನಂಬರ್ ಒಬ್ಬರ ಹತ್ತಿರ ಇರಬೇಕು.

ಎಲ್ಲಿ ಸೇರಬೇಕು ಅನ್ನುವುದಕ್ಕೂ ನನ್ನದೊಂದು ಹಟ ಇದೆ. ಗೋಕರ್ಣದ ರೆಸಾರ್ಟಿನಲ್ಲಿ ಮಾಡಿದರೆ ಹೊರಗಿನವರೂ ಬರುತ್ತಾರೆ ಅಂತ ಒಬ್ಬರು ಹೇಳಿದರು. ಗೋಕರ್ಣ ರೋಡ್ ಸ್ಟೇಷನ್ನಿಗೂ ಗೋಕರ್ಣಕ್ಕೂ ಎಷ್ಟು ದೂರ ಅಂತ ಇಳಿದು ನಡೆದವರನ್ನು ಕೇಳಿ. ಬಸ್ಸಿನ ಬಗ್ಗೆ ಮಾತಾಡುವ ಸಭೆಗೆ ಎಲ್ಲರೂ ಕಾರಿನಲ್ಲಿ ಬಂದರೆ ಚೆನ್ನಾಗಿರುತ್ತದೆಯೇ? ಕಾರವಾರ ಜಿಲ್ಲಾ ಕೇಂದ್ರ ಹೌದು, ಆದರೆ ಭಟ್ಕಳದವರಿಗೆ ದೂರ. ಶಿರಸಿಗೆ ರೈಲೇ ಇಲ್ಲ. (ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗ ಆಗಬೇಕು, ತಾಳಗುಪ್ಪದ ರೈಲು ಮುಂದೆ ಬರಬೇಕು ಅಂತ ಚರ್ಚೆ ಶುರುವಾದರೆ ಸಂಜೆ ಅಲ್ಲಿಗೇ ಮುಗಿಯಿತು. ಅದಕ್ಕೇ ಆ ವಿಷಯಕ್ಕೆ ಚಹಾ ಹೊತ್ತು ಮಾತ್ರ ಕೊಟ್ಟಿದ್ದೇವೆ.) ಕುಮಟಾಕ್ಕೆ ರೈಲೂ ಇದೆ, ಕರಾವಳಿಯ ಬಸ್ಸೂ ಇದೆ, ರಸ್ತೆ ಬಂದ್ ಆಗದಿದ್ದರೆ ಘಟ್ಟದ ಬಸ್ಸೂ ಇದೆ. ಸಂಜೆ ಬೇಡ, ಬೆಳಿಗ್ಗೆ ಹತ್ತೂವರೆಗೆ ಶುರು ಮಾಡಿ ಮಧ್ಯಾಹ್ನ ಎರಡೂವರೆಗೆ ಏಳಬೇಕು. ಯಾಕೆಂದರೆ ಶಿರಸಿಗೆ ಹೋಗಿ, ಅಲ್ಲಿಂದ ಊರಿನ ಕೊನೇ ಬಸ್ ಹಿಡಿಯಬೇಕು. ಶನಿವಾರ ಸಂಜೆಯ ಮೀಟಪ್ಪಿಗೆ ಹಳ್ಳಿಯ ಹುಡುಗಿಯರು ಯಾಕೆ ಬರುವುದಿಲ್ಲ ಅಂತ ಬೆಂಗಳೂರಿನ ಗೆಳೆಯರು ಚಿಂತೆ ಮಾಡುವುದನ್ನು ಕೇಳಿದ್ದೇನೆ. ಮನೆಗೆ ಹೋಗಲು ಬಸ್ ಇರುವುದಿಲ್ಲ, ಅಷ್ಟೇ.

ಬಸ್ ಸ್ಟ್ಯಾಂಡಿಗೆ ಹತ್ತಿರ ಇದ್ದರೆ ಇನ್ನೊಂದು ಲಾಭ, ಡ್ಯೂಟಿ ನಡುವೆ ಬಿಡುವಿದ್ದ ಡ್ರೈವರ್, ಕಂಡಕ್ಟರ್‌ಗಳೂ ಬಂದು ಕೂರಬಹುದು. ಒಮ್ಮೆ ಬಾಗಲಕೋಟೆ ಕಡೆಯ ಕಂಡಕ್ಟರ್ ಒಬ್ಬರು ಬಂದಿದ್ದರು. ನಾವು ಪರದೆ ಮೇಲೆ ಹಾಕಿದ್ದ ಟೈಮ್ ನೋಡಿ, "ಅಕ್ಕಾರ, ಮಳ್ಯಾಗ ಆ ಘಟ್ಟ ಇಷ್ಟ ಹೊತ್ತಿನ್ಯಾಗ ಇಳಿಯಾಕ ಆಗೂದಿಲ್ರಿ. ನೀವು ಬರದ್ರ ಮಂದಿ ನಮಗ ಬೈತಾರ" ಅಂದರು. ಸರಿ ಅನಿಸಿತು. ಮಳೆಗಾಲದ ಟೈಮ್ ಬೇರೆ ಹಾಕಿದೆವು.

ಈಗ ಜಗಳ ನಿಂತಿರುವುದು ಟೆಂಪೋ ವಿಷಯಕ್ಕೆ. ಕುಮಟಾ, ಹೊನ್ನಾವರ, ಭಟ್ಕಳದ ಕಡೆ ಅರ್ಧ ಜನ ಓಡಾಡುವುದೇ ಟೆಂಪೋದಲ್ಲಿ. ಅದಕ್ಕೆ ಟೈಮಿಲ್ಲ, ತುಂಬಿದರೆ ಹೊರಡುತ್ತದೆ. ಅದನ್ನೂ ಸೇರಿಸಬೇಕು, ಟೆಂಪೋದವರನ್ನೂ ಮೀಟಪ್ಪಿಗೆ ಕರೆಯಬೇಕು ಅನ್ನುವುದು ನನ್ನ ವಾದ. ಬಸ್ಸಿನ ಮುಂದೆ ಓಡಿಸಿ ಪ್ರಯಾಣಿಕರನ್ನು ಹತ್ತಿಸಿಕೊಳ್ಳುವವರನ್ನು ಕರೆದರೆ ಕಂಡಕ್ಟರ್‌ಗಳು ಬರುವುದು ನಿಲ್ಲಿಸುತ್ತಾರೆ ಅಂತ ಲೆಕ್ಕದ ಅಕ್ಕ ಹೇಳುತ್ತಾರೆ. ಅವರ ಮಾತನ್ನು ತೆಗೆದು ಹಾಕುವ ಹಾಗಿಲ್ಲ. ಮುಂದಿನ ಸಲ ಕೈ ಎತ್ತಿಸಿ ತೀರ್ಮಾನ ಮಾಡುತ್ತೇವೆ. ಹೊನ್ನಾವರದ ಕಡೆಯವರು ಒಂದಿಬ್ಬರು ಜಾಸ್ತಿ ಬಂದರೆ ನಾನು ಗೆಲ್ಲುತ್ತೇನೆ. ದಯವಿಟ್ಟು ಬನ್ನಿ.