ಉರಿಯೂತಕ್ಕೊಂದು ಉರಿಯೂಟ

ಬ್ಯಾನರಿನಲ್ಲಿ ‘ಉರಿಯೂತ’ದ (ಅಂದರೆ ದೇಹದೊಳಗೆ ಏಳುವ ಉರಿ-ಬಾವಿನ) ‘ತ’ ಇರಬೇಕಾದ ಕಡೆ ‘ಟ’ ಬಿದ್ದಿತ್ತು. ‘ಬೊಜ್ಜು ಮತ್ತು ಉರಿಯೂಟ: ಜನಜಾಗೃತಿ ಕಾರ್ಯಕ್ರಮ’. ಕಲಬುರಗಿಯ ಮೇ ತಿಂಗಳು, ಹೊರಗೆ 43 ಡಿಗ್ರಿ. ಓದಿದವರಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ನಮ್ಮಲ್ಲಿ ಬಿಸಿಲೂ ಉರಿ, ಊಟವೂ ಉರಿ. ಸಂಘಟಕರು ಮಾತ್ರ ಆ ಅಕ್ಷರದೋಷಕ್ಕೆ ತಲೆಬಾಗಿ, ಬಂದವರ ಕೈಗೆಲ್ಲ ಎರಡೆರಡು ಬಿಸಿ ಮಿರ್ಚಿ ಭಜಿ ಇಟ್ಟರು.

ತಟ್ಟೆ ಸಾಲದೆ ಬಂದದ್ದರಿಂದ ನನ್ನ ಪಾಲಿನ ಭಜಿಯನ್ನು ಕಾರ್ಯಕ್ರಮದ ಕರಪತ್ರದಲ್ಲೇ ಸುತ್ತಿ ಕೊಟ್ಟರು. ‘ಕರಿದ ಪದಾರ್ಥಗಳಿಂದ ದೂರವಿರಿ’ ಎಂಬ ಸಾಲಿನ ಮೇಲೆಯೇ ಎಣ್ಣೆ ಹರಡಿತು. ಕಾಗದ ಗಾಜಿನಂತಾಗಿ, ಹಿಂಬದಿಯ ‘11 ಗಂಟೆಗೆ ಲಘು ಉಪಾಹಾರ’ ಇತ್ತಲಿಂದ ಕನ್ನಡಿಯೊಳಗಿನ ಬರಹದಂತೆ ತಿರುಗಿ ಕಾಣಿಸಿತು. ಇಷ್ಟು ಪಾರದರ್ಶಕವಾದ ಸರ್ಕಾರಿ ಕಾಗದವನ್ನು ನಾನು ಈ ಮೊದಲು ನೋಡಿರಲಿಲ್ಲ.

ವೈದ್ಯರು ಮಾತ್ರ ಒಳ್ಳೆಯವರು. ಹೊಟ್ಟೆಯೊಳಗಿನ ಕೊಬ್ಬು ಬೀಗ ಹಾಕಿದ ತೊಗರಿ ಗೋದಾಮಿನಂತೆ ಸುಮ್ಮನೆ ಬಿದ್ದಿರುವುದಿಲ್ಲ ಎಂದರು. ಕೊಬ್ಬಿನ ಕೋಶಗಳು ಉಬ್ಬಿ ಉಬ್ಬಿ ಉಸಿರು ಕಟ್ಟಿದಾಗ ರೋಗನಿರೋಧಕ ಕೋಶಗಳು ಅಲ್ಲಿಗೆ ನುಗ್ಗುತ್ತವೆ. ಜಗಳ ಬಿಡಿಸಲು ಬಂದ ಪೊಲೀಸರು ಅಲ್ಲೇ ಡೇರೆ ಹಾಕಿ, ತಾವೇ ಗಲಾಟೆ ಶುರುಮಾಡಿದ ಹಾಗೆ. ಟಿಎನ್ಎಫ್ ಆಲ್ಫಾ, ಇಂಟರ್‌ಲ್ಯೂಕಿನ್-6 ಎಂಬ ರಾಸಾಯನಿಕಗಳು ಅಲ್ಲಿಂದ ರಕ್ತಕ್ಕೆ ಇಳಿಯುತ್ತವೆ, ಯಕೃತ್ತು ಗಾಬರಿಬಿದ್ದು ಉರಿಯೂತದ ಗುರುತಾದ ಸಿಆರ್‌ಪಿ ಎಂಬ ಪ್ರೋಟೀನನ್ನು ಹೆಚ್ಚಾಗಿ ತಯಾರಿಸುತ್ತದೆ, ಇನ್ಸುಲಿನ್ನಿನ ಮಾತು ದೇಹಕ್ಕೆ ಕೇಳಿಸದಾಗುತ್ತದೆ. ಇದೇ ಆ ಉರಿಯೂತ. ನೋವಿಲ್ಲ, ಜ್ವರವಿಲ್ಲ. ಬೂದಿ ಮುಚ್ಚಿದ ಕೆಂಡ. ಇದೆಲ್ಲ ತಿಳಿಯುವಂತೆಯೇ ಇತ್ತು, ಆದರೆ ಅಷ್ಟರಲ್ಲಿ ಎರಡನೇ ಸುತ್ತಿನ ಭಜಿ ಬಂದದ್ದರಿಂದ ಸಭೆಯ ಗಮನ ಬುಟ್ಟಿಯ ಕಡೆ ತಿರುಗಿತು.

ಆಮೇಲೆ ಸೊಂಟ ಅಳೆಯುವ ಕಾರ್ಯಕ್ರಮ. ಭಾರತೀಯ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಅದನ್ನು ದಾಟಿದರೆ ಎಚ್ಚರಿಕೆ. ಉದ್ಘಾಟಕರು ವೇದಿಕೆಯ ಮೇಲೆ ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿಕೊಂಡು ನಿಂತರು. ನರ್ಸ್ ಟೇಪು ಹಿಡಿದು, “ಸಾಹೇಬರೆ, ಉಸಿರು ಬಿಡಿ. ಬಿಟ್ಟ ಮೇಲೆಯೇ ಅಳೆಯಬೇಕು” ಎಂದಳು. ಸಾಹೇಬರು ಬಿಡಲಿಲ್ಲ. ಛಾಯಾಗ್ರಾಹಕನೂ ಬಿಡಲಿಲ್ಲ, ಇನ್ನೊಂದು, ಇನ್ನೊಂದು ಎನ್ನುತ್ತಲೇ ಇದ್ದ. ಕೊನೆಗೆ ಸಾಹೇಬರ ಮುಖ ಮಿರ್ಚಿಯ ಬಣ್ಣಕ್ಕೆ ತಿರುಗಿದಾಗ ಆಪ್ತ ಸಹಾಯಕ ಮುಂದೆ ಬಂದು, “89 ಬರೆದುಕೊಳ್ಳಿ ಅಕ್ಕಾ” ಎಂದು ದೇಶದ ಆರೋಗ್ಯ ಕಾಪಾಡಿದ. ನನಗೆ ಆಪ್ತ ಸಹಾಯಕರಿಲ್ಲ. ನನ್ನದು 98.

ಸಭಾಂಗಣದ ಮೂಲೆಯಲ್ಲೊಂದು ಮಳಿಗೆ. ಚಂದದ ಗಾಜಿನ ಭರಣಿಯ ಮೇಲೆ ‘ಒಮೇಗಾ-3 ಸೂಪರ್ ಪುಡಿ, ಉರಿಯೂತ ನಿವಾರಕ’ ಎಂದಿತ್ತು (ಇಲ್ಲಿ ‘ತ’ ಸರಿಯಾಗಿತ್ತು, ಖಾಸಗಿ ಕಂಪನಿಯಲ್ಲವೇ). 200 ಗ್ರಾಂಗೆ 399 ರೂಪಾಯಿ. ಮುಚ್ಚಳ ತೆರೆದು ಮೂಸಿದೆ. ಹುರಿದ ಅಗಸೆ, ಬೆಳ್ಳುಳ್ಳಿ, ಒಣಮೆಣಸಿನಕಾಯಿ. ನಮ್ಮವ್ವನ ಅಗಸೆ ಹಿಂಡಿ, ಅದೇ ಚಟ್ನಿಪುಡಿ! ಊರಿನ ಹಿಂಡಿ ಬೆಂಗಳೂರಿಗೆ ಹೋಗಿ, ಹೆಸರು ಬದಲಿಸಿಕೊಂಡು, ಊರಿಗೇ ಮರಳಿ ನಮಗೇ ಬುದ್ಧಿ ಹೇಳುತ್ತಿತ್ತು.

ಗೇಟಿನ ಹೊರಗೆ ಬೇವಿನ ನೆರಳಲ್ಲಿ ರೊಟ್ಟಿ ಮಾರುವ ಹೆಂಗಸು ಕುಳಿತಿದ್ದಳು. ದಿನವೂ ಗೇಟಿನ ಪಕ್ಕದಲ್ಲೇ ಇರುವವಳನ್ನು ಆ ದಿನ ಗಣ್ಯರ ಕಾರಿಗೆ ಜಾಗ ಬೇಕೆಂದು ದೂರ ಅಟ್ಟಿದ್ದರು. ಬುಟ್ಟಿಯಲ್ಲಿ ಖಟಕ್ ಜೋಳದ ರೊಟ್ಟಿ, ಪುಂಡಿ ಸೊಪ್ಪಿನ ಪಲ್ಯ, ಮೊಳಕೆ ಹೆಸರುಕಾಳು, ಎರಡು ಬಗೆಯ ಹಿಂಡಿ. ವೈದ್ಯರು ಪರದೆಯ ಮೇಲೆ ತೋರಿಸಿದ ತಟ್ಟೆಗೂ ಇದಕ್ಕೂ ಒಂದೇ ವ್ಯತ್ಯಾಸ, ಅಲ್ಲಿ ಚಿತ್ರ ಇತ್ತು, ಇಲ್ಲಿ ಊಟ. ಜೋಳ, ಕಾಳು, ಸೊಪ್ಪಿನ ನಾರು ಕರುಳಿನ ಸೂಕ್ಷ್ಮಜೀವಿಗಳಿಗೆ ಆಹಾರ. ಅವು ಅದನ್ನು ಹುದುಗಿಸಿ ಕೊಡುವ ಆಮ್ಲಗಳು ಉರಿಯೂತವನ್ನು ತಣಿಸುತ್ತವೆ ಎಂದು ಒಳಗೆ ಈಗಷ್ಟೇ ಕೇಳಿ ಬಂದಿದ್ದೆ. ಹಾಗೆಂದು ಒಂದು ಚಮಚ ಹಿಂಡಿ ತಿಂದು ಮೇಲೆ ಹತ್ತು ಭಜಿ ಇಳಿಸಿದರೆ ಅಗಸೆಯ ಅಪ್ಪ ಬಂದರೂ ಏನೂ ಮಾಡಲಾರ. ಸೊಂಟ ಇಳಿದರೆ ಸಿಆರ್‌ಪಿ ಇಳಿಯುತ್ತದೆ, ಸೊಂಟ ಇಳಿಯಲು ಒಟ್ಟು ಊಟವೇ ಇಳಿಯಬೇಕು ಎಂದು ವೈದ್ಯರು ಮೂರು ಸಲ ಹೇಳಿದ್ದರು. ಅದನ್ನು ಕರಪತ್ರದಲ್ಲಿ ಯಾರೂ ಅಚ್ಚು ಹಾಕಿಸಿರಲಿಲ್ಲ.

“ಒಳಗೆ ಏನು ಹೇಳಿದರು, ಅಣ್ಣಾ?” ಎಂದು ಕೇಳಿದಳು.

“ಜೋಳದ ರೊಟ್ಟಿ ತಿನ್ನಬೇಕಂತೆ, ತಂಗಿ.”

“ಅದನ್ನು ಹೇಳಲು ಇಷ್ಟು ಕಾರು ಬಂದವೇ?” ಎಂದವಳು ನನ್ನ ಬೆರಳುಗಳ ಎಣ್ಣೆಯನ್ನು ನೋಡಿ, ಕೈ ಒರೆಸಿಕೊಳ್ಳಲು ಒಂದು ಕಾಗದ ಕೊಟ್ಟಳು. ಅದೂ ಕರಪತ್ರವೇ. ನಾಲ್ಕು ರೊಟ್ಟಿ ಕಟ್ಟಿಸಿಕೊಂಡೆ.

ಹಿಂದಿನಿಂದ ಧ್ವನಿವರ್ಧಕದಲ್ಲಿ ವಂದನಾರ್ಪಣೆ ಕೇಳಿಸುತ್ತಿತ್ತು. ಮುಂದಿನ ತಿಂಗಳು ಮಧುಮೇಹ ಜಾಗೃತಿ ಶಿಬಿರ, ಎಲ್ಲರೂ ಕುಟುಂಬಸಮೇತ ಬರಬೇಕಂತೆ. ಗೇಟಿನ ಬಳಿ ಅಡುಗೆ ಗುತ್ತಿಗೆದಾರ ಮೊಬೈಲಿನಲ್ಲಿ ಯಾರಿಗೋ ಹೇಳುತ್ತಿದ್ದ: “ಮಾಲಪುರಿ 500 ಬೇಕು. ಪಾಕ ಸ್ವಲ್ಪ ಜಾಸ್ತಿಯೇ ಇರಲಿ.”