ಆರಾಧನೆಗೆ ಮನಸ್ಸೊಂದಿದ್ದರೆ ಸಾಲದೇ?

ಪರ: ದೇವರು ಕೇಳಿದ್ದು ಮನಸ್ಸನ್ನು

ಸಾಲುತ್ತದೆ. ಇದು ನನ್ನ ಮಾತಲ್ಲ, ಬೈಬಲಿನ ಪ್ರವಾದಿ ಆಮೋಸನದು. ಕ್ರಿಸ್ತನಿಗಿಂತ 700 ವರ್ಷಕ್ಕೂ ಹಿಂದೆ, ಕುರಿ ಕಾಯುತ್ತಿದ್ದವನೊಬ್ಬ ಬಂದು ನಿಂತು, ನಿಮ್ಮ ಹಬ್ಬಗಳನ್ನು ಕಂಡರೆ ದೇವರಿಗೆ ಹೇಸಿಗೆ, ನಿಮ್ಮ ಹಾಡಿನ ಗದ್ದಲ ಬೇಡ, ಮೊದಲು ನ್ಯಾಯ ನೀರಿನಂತೆ ಹರಿಯಲಿ ಅಂದ. ಇನ್ನೊಬ್ಬ ಪ್ರವಾದಿ ಯೆಶಾಯ ಇನ್ನೂ ಖಾರ. ಕೈಗೆ ರಕ್ತ ಮೆತ್ತಿಕೊಂಡವರು ಎಷ್ಟು ಪ್ರಾರ್ಥಿಸಿದರೂ ದೇವರು ಕೇಳುವುದಿಲ್ಲ ಅಂದ. ಈ ಜನ ತುಟಿಯಿಂದ ಗೌರವಿಸುತ್ತಾರೆ, ಮನಸ್ಸು ಮಾತ್ರ ದೂರ ಎಂಬ ಅವನ ಮಾತನ್ನೇ ಯೇಸು, ಕಟ್ಟುನಿಟ್ಟಾಗಿ ನಿಯಮ ಪಾಲಿಸುವ ಯೆಹೂದಿ ಪಂಗಡವಾದ ಫರಿಸಾಯರ ಮುಖಕ್ಕೆ ಹೇಳಿದರು. ಇದಕ್ಕಿಂತ ಬಿಡಿಸಿ ಹೇಳುವುದು ಹೇಗೆ?

ಆಚರಣೆಯವರ ವಾದ ಇಷ್ಟೇ. ನಿಲ್ಲು ಅಂದಾಗ ನಿಲ್ಲು, ಮಂಡಿಯೂರು ಅಂದಾಗ ಮಂಡಿಯೂರು, ಆಮೆನ್ ಅನ್ನು, ಮನೆಗೆ ಹೋಗು. ಉಳಿದದ್ದನ್ನು ಪ್ರಾರ್ಥನೆಯ ಪುಸ್ತಕ ನೋಡಿಕೊಳ್ಳುತ್ತದೆ.

ಪುಸ್ತಕ ಹೇಗೆ ನೋಡಿಕೊಳ್ಳುತ್ತದೆ ಅನ್ನುವುದನ್ನು ನಾನು ಕಂಡಿದ್ದೇನೆ. ನಮ್ಮ ದೊಡ್ಡಮ್ಮ ತೀರಿಕೊಂಡಾಗ ಪಾದ್ರಿಗಳು ಮಣ್ಣಿನ ಪ್ರಾರ್ಥನೆಯನ್ನು ಪುಸ್ತಕ ನೋಡಿ ಓದುತ್ತಿದ್ದರು. ತೀರಿಕೊಂಡವರ ಹೆಸರಿನ ಚೀಟಿ ಪುಟದೊಳಗೇ ಇತ್ತು. ಚೀಟಿ ಹಳೆಯದು. ಯಾವುದೋ ಗಂಡಸಿನ ಹೆಸರು ಹೇಳಿ, ಈ ನಿನ್ನ ಸೇವಕನನ್ನು ಸೇರಿಸಿಕೋ ದೇವರೇ ಅಂದುಬಿಟ್ಟರು. ಯಾರಾದರೂ ತಡೆಯುತ್ತಾರೆ ಅಂತ ತಲೆ ಎತ್ತಿ ನೋಡಿದೆ. ಊಹೂಂ. ನೆರೆದವರೆಲ್ಲ ಒಂದೇ ದನಿಯಲ್ಲಿ ಆಮೆನ್ ಅಂದರು. ದೊಡ್ಡಮ್ಮನ ಒಡಹುಟ್ಟಿದ ತಮ್ಮನೂ ಅಂದ. ಮುಂದಿನ ಪ್ರಾರ್ಥನೆಯಲ್ಲೂ ಅದೇ ಹೆಸರು, ಮತ್ತೆ ಆಮೆನ್. ಎಲ್ಲ ಮುಗಿದ ಮೇಲೆ ಪಾದ್ರಿಗಳಿಗೆ ಹೇಳಿದೆ. "ದೇವರಿಗೆ ಗೊತ್ತಿರುತ್ತೆ ಬಿಡಿ" ಅಂದರು. ಸರಿ, ದೇವರಿಗೆ ಗೊತ್ತಿರುತ್ತೆ. ಹಾಗಾದರೆ ಪುಸ್ತಕ ಯಾಕೆ?

ಹೆಸರು ತಪ್ಪುವುದು ಯಾರಿಗೂ ಆಗಬಹುದು. ನನ್ನನ್ನು ಇವತ್ತಿಗೂ ಬಿಡದಿರುವುದು ಆ ಆಮೆನ್.

ಪುಸ್ತಕವಿಲ್ಲದೆ ನಡೆಯುತ್ತಾ ಅಂತ ಕೇಳುವವರು ಕ್ವೇಕರರು ಎಂಬ ಕ್ರೈಸ್ತ ಪಂಗಡದವರನ್ನು ನೋಡಲಿ. 17ನೇ ಶತಮಾನದಿಂದ ನಡೆಸಿಕೊಂಡು ಬಂದಿದ್ದಾರೆ. ರೊಟ್ಟಿ-ದ್ರಾಕ್ಷಾರಸ ಇಲ್ಲ, ನೀರಿನ ದೀಕ್ಷಾಸ್ನಾನವೂ ಇಲ್ಲ. ಸುಮ್ನೆ ಕೂರುತ್ತಾರೆ, ಒಳಗಿನಿಂದ ಮಾತು ಬಂದವರು ಎದ್ದು ಹೇಳುತ್ತಾರೆ. ಗುಲಾಮಗಿರಿ ತಪ್ಪು ಅಂತ 1688ರಲ್ಲೇ ಬರೆದುಕೊಟ್ಟವರಲ್ಲಿ ಅವರಿದ್ದರು. ಸಾಲ್ವೇಷನ್ ಆರ್ಮಿ ಎಂಬ ಕ್ರೈಸ್ತ ಸೇವಾ ಪಂಗಡ 1883ರಲ್ಲಿ ದೀಕ್ಷಾಸ್ನಾನ, ರೊಟ್ಟಿ-ದ್ರಾಕ್ಷಾರಸದಂಥ ಸಂಸ್ಕಾರಗಳನ್ನು ಕೈಬಿಟ್ಟಿತು, ಹಸಿದವರಿಗೆ ಊಟ ಹಾಕುವುದನ್ನು ಬಿಡಲಿಲ್ಲ. ಆಮೋಸ ಕೇಳಿದ್ದು ಇದನ್ನೇ. ಕ್ಯಾಥೊಲಿಕ್ ಸಭೆ ಕೂಡ 1963ರಲ್ಲಿ, ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ, ಜನ ಪೂಜೆಯಲ್ಲಿ ಮೂಕ ಪ್ರೇಕ್ಷಕರಾಗಿರಬಾರದು ಅಂತ ಹೇಳಬೇಕಾಯಿತು. ಅವರಿಗೂ ಗೊತ್ತಿತ್ತು, ಅಲ್ವಾ?

ಯೇಸುವೂ ದೇವಾಲಯಕ್ಕೆ ಹೋಗಿದ್ದರಲ್ಲ ಅನ್ನುತ್ತಾರೆ. ಹೋಗಿದ್ದರು. ಹೋಗಿ ಮೇಜುಗಳನ್ನು ಉರುಳಿಸಿದರು.

ವಿರೋಧ: ವಿಧಿಯೂ ಇರಲಿ

ಈ ಕಡೆಗೆ ಬರೆಯಲು ಬೇರೆ ಯಾರೂ ಸಿಗಲಿಲ್ಲವಂತೆ. ಆರಾಧನೆ ಉದ್ದವಾದರೆ ನನ್ನ ಕಣ್ಣೂ ಗಡಿಯಾರದ ಕಡೆ ಹೋಗುತ್ತದೆ. ಆದರೂ ಒಪ್ಪಿಕೊಂಡಾಗಿದೆ.

ಎದುರಿನವರು ಪ್ರವಾದಿಗಳನ್ನು ಕರೆತರುತ್ತಾರೆ, ಗೊತ್ತು. ಅದು ಬಡವರನ್ನು ಸುಲಿದು ಬಲಿ ಕೊಡುತ್ತಿದ್ದವರಿಗೆ ಹೇಳಿದ್ದು, ನಮ್ಮ ನಿಮ್ಮಂಥವರಿಗಲ್ಲ. ಮುಂದೆ ಹೋಗೋಣ.

ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಮೂರನೇ ಸಲವೂ ಅದೇ ಮಾತುಗಳಲ್ಲಿ ಪ್ರಾರ್ಥಿಸಿದರು ಅಂತ ಮತ್ತಾಯ ತನ್ನ ಸುವಾರ್ತೆಯಲ್ಲಿ ಬರೆಯುತ್ತಾನೆ. ಶಿಲುಬೆಯ ಮೇಲೆ "ನನ್ನ ದೇವರೇ, ಯಾಕೆ ಕೈಬಿಟ್ಟೆ" ಅಂದದ್ದು ಬೈಬಲಿನ 22ನೇ ಕೀರ್ತನೆಯ ಮೊದಲ ಸಾಲು. ಅಂಥ ಸಂಕಟದಲ್ಲಿ ಬಾಯಿಗೆ ಬಂದದ್ದು ಹಿಂದೆ ಯಾರೋ ಬರೆದಿಟ್ಟ ಪ್ರಾರ್ಥನೆ. ಜೀರಿಗೆಯಲ್ಲೂ ದಶಮಾಂಶ, ಅಂದರೆ ದೇವರಿಗೆ ಹತ್ತರಲ್ಲೊಂದು ಪಾಲು, ಕೊಟ್ಟು ನ್ಯಾಯವನ್ನು ಮರೆತವರನ್ನು ಬೈದಾಗಲೂ ಯೇಸು, ನ್ಯಾಯವನ್ನು ಮಾಡಬೇಕಿತ್ತು, ದಶಮಾಂಶವನ್ನೂ ಬಿಡಬಾರದಿತ್ತು ಅಂದರು. ಆ ಕೊನೆಯ ಮಾತನ್ನು ಯಾರೂ ಎತ್ತುವುದಿಲ್ಲ.

ಇನ್ನು ಜಪಾನ್. 1614ರಲ್ಲಿ ಅಲ್ಲಿ ಕ್ರೈಸ್ತ ಧರ್ಮಕ್ಕೆ ನಿಷೇಧ ಬಂತು. ಪಾದ್ರಿಗಳನ್ನು ಓಡಿಸಿದರು, ಸಿಕ್ಕವರನ್ನು ಕೊಂದರು. ಹಳ್ಳಿಯ ಜನ ಗುಟ್ಟಾಗಿ ತಾವೇ ಮಕ್ಕಳಿಗೆ ದೀಕ್ಷಾಸ್ನಾನ ಕೊಟ್ಟರು, ಪ್ರಾರ್ಥನೆಗಳನ್ನು ಬಾಯಿಪಾಠ ಮಾಡಿಸಿದರು. ಲ್ಯಾಟಿನ್, ಪೋರ್ಚುಗೀಸ್ ಪದಗಳು ಬಾಯಿಂದ ಬಾಯಿಗೆ ದಾಟುತ್ತಾ ಎಷ್ಟೋ ಕಡೆ ಅರ್ಥವೇ ಸವೆದುಹೋಯಿತು. 1865ರಲ್ಲಿ ಅವರಲ್ಲಿ ಕೆಲವರು ನಾಗಸಾಕಿಯ ಹೊಸ ಚರ್ಚಿಗೆ ಬಂದರು. ಅಲ್ಲಿದ್ದ ಫ್ರೆಂಚ್ ಪಾದ್ರಿ ಪೆತಿಜಾನ್ ಅವರ ಹತ್ತಿರ, ಮರಿಯಮ್ಮನವರ ಪ್ರತಿಮೆ ಎಲ್ಲಿದೆ ಅಂತ ಕೇಳಿದರು. ಮಧ್ಯೆ 250 ವರ್ಷ! ಬರೀ ಮನಸ್ಸಿನ ಭಕ್ತಿಯನ್ನು ನಂಬಿ ಕೂತಿದ್ದರೆ ಮೊಮ್ಮಕ್ಕಳಿಗೆ ಏನು ಉಳಿಯುತ್ತಿತ್ತು? ಅರ್ಥವಾಗಲಿ ಬಿಡಲಿ, ಹೇಳಿಕೊಟ್ಟದ್ದನ್ನು ಹೇಳಿದರು, ಆದ್ದರಿಂದ ಉಳಿಯಿತು.

ಪಾದ್ರಿಗಳು ವಾಪಸ್ ಬಂದ ಮೇಲೂ ಕೆಲವು ಕುಟುಂಬಗಳು ಚರ್ಚಿಗೆ ಸೇರಲಿಲ್ಲ. ಅಜ್ಜ-ಅಜ್ಜಿ ಕಲಿಸಿದ ರೂಢಿಯೇ ಸಾಕು ಅಂತ ಹೊರಗೇ ಉಳಿದರು. ಇದು ನನ್ನ ವಾದಕ್ಕೆ ಅಷ್ಟೇನೂ ಅನುಕೂಲವಲ್ಲ, ಅದಕ್ಕೇ ಜಾಸ್ತಿ ಬೆಳೆಸುವುದಿಲ್ಲ.