ಟೀವಿಯಲ್ಲಿ ಬರುವ ಆ ಪೆದ್ದ ಗಂಡ

ನಿನ್ನೆ ರಾತ್ರಿ ಮ್ಯಾಚ್ ನೋಡುತ್ತಾ ಕೂತಿದ್ದೆ. ಓವರ್ ಮುಗಿದ ಕೂಡಲೇ ಜಾಹೀರಾತು. ಹೆಂಡತಿ ತವರಿಗೆ ಹೋಗಿದ್ದಾಳೆ. ಗಂಡನಿಗೆ ಸಕ್ಕರೆ ಡಬ್ಬಿ ಎಲ್ಲಿದೆ ಅಂತ ಗೊತ್ತಿಲ್ಲ. ಅಡುಗೆಮನೆ ತುಂಬ ಹೊಗೆ, ಮುಖದ ತುಂಬ ಹಿಟ್ಟು. ಕೊನೆಗೆ ಯಾವುದೋ ಪ್ಯಾಕೆಟ್ ಬಂದು ಅವನ ಮಾನ ಉಳಿಸುತ್ತದೆ. ನನ್ನ ಮಗಳು ಬಿದ್ದು ಬಿದ್ದು ನಕ್ಕಳು. "ಪಪ್ಪಾ, ಥೇಟ್ ನಿನ್ನಂಗೇ ಅದಾನ!"

ಸಿಟ್ಟು ಬಂತು. ಅವಳ ಮೇಲಲ್ಲ.

ಎಷ್ಟು ವರ್ಷದಿಂದ ನೋಡುತ್ತಿದ್ದೇವೆ ಈ ಮನುಷ್ಯನನ್ನು! ವಾಷಿಂಗ್ ಮಷೀನಿನ ಗುಂಡಿ ಒತ್ತೋಕೆ ಬರಲ್ಲ. ಅದೇ ಇನ್ಶೂರೆನ್ಸ್ ಜಾಹೀರಾತಿಗೆ ಬಂದರೆ ಮಹಾ ಜಾಣ, ಮೂವತ್ತು ವರ್ಷ ಮುಂದಿನ ಲೆಕ್ಕ ಹಾಕುತ್ತಾನೆ. ಇದು ಗಂಡಸರಿಗೆ ಅವಮಾನ ಅಂತ ನನ್ನ ಕೆಲವು ದೋಸ್ತರು ಗೋಳಾಡುತ್ತಾರೆ. ಅವಮಾನ ಎಲ್ಲಿಂದ ಬಂತ್ರೀ? ನಮಗೆ ಬಿಟ್ಟಿ ಸಿಕ್ಕ ಖಾಯಂ ರಜಾ ಚೀಟಿ ಇದು. ಬರಲ್ಲ ಅಂದವನಿಗೆ ಯಾರೂ ಕೆಲಸ ಹೇಳಲ್ಲ, ಅಲ್ವಾ?

ಬರಲ್ಲ ಅನ್ನೋದೇ ಸುಳ್ಳು. ಸಂಜೆ ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಹೋಗಿ ನೋಡಿ. ಬಂಡಿಯ ಮೇಲೆ ಮಿರ್ಚಿ ಭಜಿ ಕರಿಯುವವರು ಯಾರು? ಮದುವೆ ಮನೆಯಲ್ಲಿ ಸಾವಿರ ಜನಕ್ಕೆ ಹುಗ್ಗಿ ತಿರುವುವವರು ಯಾರು? ಗಂಡಸರೇ. ಕೂಲಿ ಸಿಕ್ಕರೆ ಕೈ ಓಡುತ್ತದೆ. ಮನೆಗೆ ಬಂದರೆ ಅದೇ ಕೈಗೆ ಲಕ್ವಾ.

ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ನೋಡಿ. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಣ್ಣುಮಕ್ಕಳು ದಿನಕ್ಕೆ 289 ನಿಮಿಷ, ಗಂಡಸರು 88. ಅದೂ ಮನೆಗೆಲಸ ಮಾಡುವ ಗಂಡಸರ ಲೆಕ್ಕ. ಕಡ್ಡಿ ಎತ್ತಿಡದವರು ಅದರಲ್ಲಿ ಬರೋದೇ ಇಲ್ಲ. 2019ರಲ್ಲಿ ಹೆಣ್ಣುಮಕ್ಕಳದು 299 ಇತ್ತು, ನಮ್ಮದು 97. ಅವರಿಗೆ ಹತ್ತು ನಿಮಿಷ ಕಮ್ಮಿಯಾಯಿತಲ್ಲ ಅಂತ ಹೊಟ್ಟೆಕಿಚ್ಚಿಗೆ ನಾವೂ ಒಂಬತ್ತು ಇಳಿಸಿಕೊಂಡೆವು ಅಂತ ಕಾಣುತ್ತೆ.

"ಕಾಲ ಬದಲಾಗಿದೆ, 2015ರಲ್ಲೇ ಏರಿಯಲ್‌ನವರು ಬಟ್ಟೆ ಒಗೆಯೋದು ಹೆಣ್ಣುಮಕ್ಕಳ ಕೆಲಸ ಮಾತ್ರಾನಾ ಅಂತ ಕೇಳಲಿಲ್ಲವಾ?" ಅಂತೀರಿ. ಕೇಳಿದರು, ಒಳ್ಳೇದು. ಆ ಜಾಹೀರಾತು ನೋಡಿ ಕಣ್ಣೊರೆಸಿಕೊಂಡು, ಟವೆಲ್ ಕುರ್ಚಿ ಮೇಲೆ ಎಸೆದವರಲ್ಲಿ ನಾನೂ ಒಬ್ಬ.

ಇಷ್ಟು ಹೇಳಿದ ಮೇಲೆ ಇದನ್ನೂ ಹೇಳಿಬಿಡುತ್ತೇನೆ. ಮದುವೆಯಾದ ಹೊಸದರಲ್ಲಿ ಇವಳು ಒಮ್ಮೆ ಹಾಲು ಕಾಯಿಸಲು ಹೇಳಿದ್ದಳು. ಉಕ್ಕೋದು ಕಂಡಿತು. ಕಂಡೂ ಸುಮ್ನೆ ನಿಂತೆ. ಒಲೆ ತುಂಬ ಹಾಲು. "ಬಿಡ್ರೀ, ನಿಮ್ಮ ಕೈಲೆ ಆಗೂದಿಲ್ಲ" ಅಂದಳು. ಹನ್ನೊಂದು ವರ್ಷ ಆ ಒಂದು ಮಾತಿನ ಮೇಲೆ ಆರಾಮಾಗಿ ಬದುಕಿದ್ದೇನೆ.

ಇವತ್ತು ಬೆಳಗ್ಗೆ ರೊಟ್ಟಿ ಬಡಿಯಲು ನಾನೇ ಕೂತೆ. ಕುದಿನೀರು ಕಮ್ಮಿಯಾಗಿ ಜೋಳದ ಹಿಟ್ಟಿಗೆ ಜಿಗಿ ಬರಲಿಲ್ಲ. ಅಂಗೈ ಅಗಲ ಆಗುವಷ್ಟರಲ್ಲಿ ಅಂಚು ಒಡೆಯಿತು. ಎತ್ತಿ ಹಂಚಿಗೆ ಹಾಕಹೋದರೆ ಎರಡು ಹೋಳು. ಇವಳು ಬಾಗಿಲಲ್ಲೇ ನಿಂತಿದ್ದಳು. ಈಗ "ಬಿಡ್ರೀ" ಅಂತಾಳೆ ಅಂತ ಕಾಯ್ದೆ.

ಅನ್ನಲಿಲ್ಲ. ಇನ್ನೊಂದು ಚರಿಗೆ ನೀರು ಕಾಯಲಿಟ್ಟು, ಹಿಟ್ಟಿನ ಡಬ್ಬಿ ನನ್ನ ಕಡೆ ಸರಿಸಿ, ಒಳಗೆ ಹೋದಳು.